ಮುರಗುಡ್ಡೆಯ ಬಾಡಿಗೆ ಮನೆಗೆ ಬಂದ ಫ್ಯಾಮಿಲಿ

ಕೆರಾಡಿಯಿಂದ ಇನ್ನೂ ಒಳಗೆ ಹೋದರೆ ಡಾಂಬರು ಮುಗಿದು ರಸ್ತೆ ಕೆಂಪಗಾಗುವಲ್ಲಿ ಮುರಗುಡ್ಡೆ ಶುರುವಾಗುತ್ತದೆ. ಒಂದಿಷ್ಟು ಮನೆ, ಒಂದು ಚಾ ಹೋಟೆಲು, ಒಂದು ಜೀನಸಿನ ಅಂಗಡಿ, ಟಯರು ಪಂಚರಿನ ಒಂದು ಶೆಡ್ಡು. ಉಳಿದದ್ದೆಲ್ಲ ಕಲ್ಲುಕೋರೆ. ಗುಡ್ಡವನ್ನು ಚೌಕ ಚೌಕವಾಗಿ ಕೊಯ್ದು, ಕೆಂಪು ಮುರಕಲ್ಲು ತೆಗೆದು, ಲಾರಿಗೆ ತುಂಬಿಸಿ ಕರಾವಳಿಗೆ ಕಳುಹಿಸುತ್ತಾರೆ. ಕುಂದಾಪುರ, ಕೋಟ, ಬ್ರಹ್ಮಾವರದ ಕಡೆ ಹೊಸ ಮನೆ ಏಳುವಾಗೆಲ್ಲ ಇಲ್ಲಿ ಗುಡ್ಡ ಅಷ್ಟಷ್ಟು ತಗ್ಗುತ್ತದೆ. ಕಲ್ಲು ಕೊಯ್ಯುವ ಮೆಷಿನ್ನು ಓಡುವಾಗ ಏಳುವ ಕೆಂಪು ಹುಡಿ ಬಾಳೆ ಎಲೆಯ ಮೇಲೆ, ದನದ ಬೆನ್ನ ಮೇಲೆ, ಚಾ ಹೋಟೆಲಿನ ಬನ್ಸಿನ ಮೇಲೆ, ಎಲ್ಲದರ ಮೇಲೂ ಕೂರುತ್ತದೆ. ಅಲ್ಲಿ ಬಿಳಿ ಅಂಗಿಯವನು ಕಂಡರೆ ಅವನು ಇವತ್ತೇ ಬಂದವನು ಎಂದು ಕಣ್ಣು ಮುಚ್ಚಿ ಹೇಳಬಹುದು.

ಈ ಮೆಷಿನ್ನುಗಳ ರಿಪೇರಿಗೆಂದು ಬಂದವನು ಹಂಗಾರಕಟ್ಟೆಯ ಪ್ರೇಮಾನಂದ. ಊರಿನಲ್ಲಿ ಬೋಟಿನ ಎಂಜಿನ್ ಬಿಚ್ಚಿ ಜೋಡಿಸಿಕೊಂಡಿದ್ದವನನ್ನು ಕೋರೆಯ ಧಣಿಗಳು ಒತ್ತಾಯ ಮಾಡಿ ಕರೆಸಿಕೊಂಡಿದ್ದರು. ಮಲಗಲು ಕೊಟ್ಟದ್ದು ತಗಡಿನ ಶೆಡ್ಡು. ಒಡಿಶಾದಿಂದಲೂ ಕೊಪ್ಪಳದಿಂದಲೂ ಬಂದ ಹುಡುಗರ ಜೊತೆ ಚಾಪೆಗೆ ಚಾಪೆ ತಾಗಿಸಿ ಮಲಗಬೇಕು. ಅವರು ಒಳ್ಳೆಯವರೇ. ಆದರೆ ಒಬ್ಬೊಬ್ಬನ ಫೋನಿನಲ್ಲಿ ಒಂದೊಂದು ಭಾಷೆಯ ಹಾಡು. ಅನ್ನದಲ್ಲಿ ಹುಡಿ, ಸಾರಿನಲ್ಲಿ ಹುಡಿ. ಒಂದು ಬೆಳಿಗ್ಗೆ ಶೂಸಿನೊಳಗೆ ಚೇಳು ಸಿಕ್ಕಿದ ಮೇಲೆ ಅವನು ಬಾಡಿಗೆ ಮನೆ ಹುಡುಕಲು ಹೊರಟ.

ಮುರಗುಡ್ಡೆಯಲ್ಲಿ ಬಾಡಿಗೆಗೆ ಇದ್ದದ್ದು ಒಂದೇ ಮನೆ. ಅದು ಜಲಜ ಶೆಡ್ತಿಯವರದ್ದು. ಒಂದೇ ಕಂಪೌಂಡಿನೊಳಗೆ ಅವರಿರುವ ದೊಡ್ಡ ಮನೆ, ಪಕ್ಕದಲ್ಲಿ ಈ ಚಿಕ್ಕ ಮನೆ. ಅವರ ಗಂಡ ಮತ್ತು ಮಗ ಪುಣೆಯಲ್ಲಿ ಹೋಟೆಲು ನಡೆಸುತ್ತಾರೆ. ಶೆಡ್ತಿಯವರೂ ಒಮ್ಮೆ ಅಲ್ಲಿ ಸಂಸಾರ ಹೂಡಲು ಹೋಗಿದ್ದರು. ಪುಣೆಯ ನೀರಿನಲ್ಲಿ ಕುಚ್ಚಲಕ್ಕಿ ಬೇಯುವುದಿಲ್ಲ ಎಂದು ಜಗಳ ತೆಗೆದು ತಿರುಗಿ ಬಂದರು. ಈಗ ದಿನಾ ಬೆಳಿಗ್ಗೆ ಗಂಡನಿಗೆ ಫೋನು ಹಚ್ಚಿ ಹೋಟೆಲಿನ ಸಾಂಬಾರಿಗೆ ಎಷ್ಟು ಉಪ್ಪು ಎಂಬುದನ್ನು ಇಲ್ಲಿಂದಲೇ ಹೇಳುತ್ತಾರೆ.

ಪ್ರೇಮಾನಂದ ಹೋದಾಗ ಅವರು ಅಂಗಳದಲ್ಲಿ ನಿಂತಿದ್ದರು. ಕೂರಿ ಎನ್ನಲಿಲ್ಲ.

"ಫ್ಯಾಮಿಲಿ ಇತ್ತಾ?"

"ಇತ್ತ್."

"ಎಲ್ಲಿತ್ತ್? ನಂಗೆ ಕಾಂತಿಲ್ಲೆ."

"ಊರಗಿತ್ತ್. ಹಂಗಾರಕಟ್ಟಿಯಗೆ."

"ಊರಗಿಪ್ಪ ಫ್ಯಾಮಿಲಿ ನಂಗೆ ಎಂತಕ್ಕ್? ಇಲ್ಲ್ ಇರ್ಕ್. ಮುಂಚೆ ಇದ್ದ ಲಾರಿ ಡ್ರೈವರ್‌ಗಳೂ ಹೀಂಗೇ ಹೇಳ್ದ್ರ್, ಫ್ಯಾಮಿಲಿ ಬತ್ತ್, ಬತ್ತ್ ಅಂತ. ಬಪ್ಪುದ್ ಬಿಡಿ, ತುಳ್ಸಿಕಟ್ಟಿ ಮೇಲೆ ಚಡ್ಡಿ ಒಣ್ಗ್ಸಿದ್ರ್. ಗಂಡ್ಸ್ರಿಗೆ ಮಾತ್ರ ನಾನ್ ಮನಿ ಕೊಡುವವ್ಳಲ್ಲ."

ಪ್ರೇಮಾನಂದನ ಬಾಯಿಂದ, ಅವನಿಗೇ ಗೊತ್ತಿಲ್ಲದೆ, "ಬಪ್ಪ ಸೋಮವಾರ ಬತ್ತ್ರ್" ಎಂಬ ಮಾತು ಬಂದುಬಿಟ್ಟಿತು. ಶೆಡ್ತಿಯವರು ಕೀಲಿಕೈ ಕೊಟ್ಟರು. ಸೋಮವಾರ ಅಡುಗೆಮನೆಯ ಹೊಗೆ ಕಾಣದಿದ್ದರೆ ಮಂಗಳವಾರ ಕೀಲಿಕೈ ವಾಪಸು ಎಂದೂ ಹೇಳಿದರು.

ಅವನ ಹೆಂಡತಿ ವಿನಯಾಳಿಗೆ ಊರಿನ ಹತ್ತಿರದ ಸೊಸೈಟಿಯಲ್ಲಿ ಕ್ಲಾರ್ಕು ಕೆಲಸ. ಮಗಳು ಅನ್ವಿತಾ ಹತ್ತನೆಯ ತರಗತಿ. ಪ್ರೇಮಾನಂದ ಫೋನು ಮಾಡಿ ವಿಷಯ ಹೇಳಿದ.

"ನಾನ್ ಅಲ್ಲಿಗ್ ಬಂದ್ರೆ ಅನ್ವಿತಾಳ ಪರೀಕ್ಷೆ ಬರೂದ್ ಯಾರ್? ನೀವಾ?"

"ಒಂದ್ ವಾರಕ್ಕಾರೂ ಬಾ ಮಾರಾಯ್ತಿ. ಅವ್ರ್ ಕಣ್ಣಿಗ್ ಕಂಡ್ರೆ ಸಾಕ್."

"ಕಾಂಬುದೇ ಆದ್ರೆ ಫೋಟೋ ಕಳ್ಸ್ತೆ. ತೋರ್ಸಿ."

ಫೋನು ಸ್ಪೀಕರಿನಲ್ಲಿತ್ತು. ವಿನಯಾಳ ಪಕ್ಕದಲ್ಲಿ ಕೂತು ಬೀನ್ಸ್ ಮುರಿಯುತ್ತಿದ್ದ ಅವಳ ತಾಯಿ ಉಮಾವತಮ್ಮ ಕೈಯಲ್ಲಿದ್ದ ಬೀನ್ಸನ್ನು ಮೊರಕ್ಕೆ ಹಾಕಿ, "ನಾನ್ ಬತ್ತೆ" ಎಂದರು. ಅವರನ್ನು ಯಾರೂ ಕರೆದಿರಲಿಲ್ಲ.

ಉಮಾವತಮ್ಮನ ಬಗ್ಗೆ ಇಲ್ಲಿ ನಾಲ್ಕು ಮಾತು ಹೇಳಬೇಕು. ಮದುವೆಯಾದಂದಿನಿಂದ ಮೀನು ಮಾರಿದವರು ಅವರು. ಮೊದಲು ತಲೆಯ ಮೇಲೆ ಬುಟ್ಟಿ ಹೊತ್ತು ಮನೆ ಮನೆಗೆ, ಆಮೇಲೆ ಬಸ್ಸಿನಲ್ಲಿ ಬಾರ್ಕೂರು, ಮಂದಾರ್ತಿಯವರೆಗೆ. ಯಾವ ಮನೆಯ ಸೊಸೆ ಬಸುರಿ, ಯಾವ ಮನೆಯಲ್ಲಿ ಅಣ್ಣತಮ್ಮಂದಿರ ನಡುವೆ ಮಾತಿಲ್ಲ ಎಂಬುದೆಲ್ಲ ಅವರಿಗೆ ಬಂಗುಡೆಯ ಜೊತೆಗೆ ಸಿಗುವ ಸುದ್ದಿ. ಗಂಡ ತೀರಿಕೊಂಡ ಮೇಲೂ ವ್ಯಾಪಾರ ನಿಲ್ಲಿಸಲಿಲ್ಲ. ಮಗಳಿಗೆ ಕೆಲಸ ಸಿಕ್ಕಿ, ಮನೆಗೆ ಟೈಲ್ಸು ಬಂದು, ಮಂಡಿಗೆ ನೋವು ಬಂದ ಮೇಲೆ "ಸಾಕಮ್ಮ, ಇನ್ನ್ ಕೂಕೋ" ಎಂದು ವಿನಯಾ ಅವರನ್ನು ಕೂರಿಸಿದಳು. ಕೂತರು. ಕೂತಲ್ಲಿಂದಲೇ ಬೀದಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸಿದರು. ಈಗ ಬೀದಿಯಲ್ಲಿ ನಡೆದು ಹೋಗುವವರು ಕಡಿಮೆ. ಬೈಕಿನವರನ್ನು ಮಾತಾಡಿಸುವುದು ಕಷ್ಟ.

ಅಂತೂ ಸೋಮವಾರ ಉಮಾವತಮ್ಮ ಕುಂದಾಪುರದಲ್ಲಿ ಬಸ್ಸು ಹತ್ತಿದರು. ಒಂದು ಬಟ್ಟೆಯ ಚೀಲ, ಮತ್ತು ಹಳೆಯ ಸೀರೆಯಲ್ಲಿ ಮಗುವಿನಂತೆ ಸುತ್ತಿ ಮಡಿಲಲ್ಲಿಟ್ಟುಕೊಂಡ ಒಂದು ಗಂಟು. ವಂಡ್ಸೆಯ ಹತ್ತಿರ ಕಂಡಕ್ಟರು ಬಗ್ಗಿ ನೋಡಿದ.

"ಅಮ್ಮ, ಮಗಿನ ಮುಖ ಪೂರಾ ಮುಚ್ಚಿದ್ರಿ ಅಲೆ. ಉಸ್ರ್ ಕಟ್ಟತ್ತ್."

"ಇದಕ್ಕೆ ಉಸ್ರ್ ಇಲ್ಲೆ ಮಗಾ" ಎಂದು ಉಮಾವತಮ್ಮ ಸೆರಗು ಸರಿಸಿದರು. ಒಳಗೆ ಮೀನು ಕೊಯ್ಯುವ ಮೆಟ್ಟುಕತ್ತಿ. ಕಂಡಕ್ಟರು ಒಂದು ಹೆಜ್ಜೆ ಹಿಂದೆ ಸರಿದ. ಟಿಕೇಟಿನ ಚಿಲ್ಲರೆಯನ್ನು ಅವರು ಕೇಳುವ ಮೊದಲೇ ಕೊಟ್ಟ.

ಜಲಜ ಶೆಡ್ತಿಯವರು ಗೇಟಿನಲ್ಲೇ ಕಾಯುತ್ತಿದ್ದರು. ಪ್ರೇಮಾನಂದನ ಹಿಂದೆ ಬಂದ ಹೆಂಗಸನ್ನು ಕೆಳಗಿಂದ ಮೇಲೆ ನೋಡಿದರು.

"ಇವ್ರ್ ಯಾರ್?"

"ನಮ್ ಅತ್ತೆ" ಎಂದ ಪ್ರೇಮಾನಂದ, ನೆಲ ನೋಡುತ್ತ.

"ನಾನ್ ಹೇಳಿದ್ದ್ ಫ್ಯಾಮಿಲಿ. ಹೆಂಡ್ತಿ ಎಲ್ಲಿ?"

ಉತ್ತರ ಕೊಟ್ಟದ್ದು ಉಮಾವತಮ್ಮ. "ಆ ಹೆಂಡ್ತಿನ ಹೆತ್ತದ್ದ್ ನಾನ್. ನಾನ್ ಇಲ್ದಿರೆ ಇವ್ರಿಗ್ ಫ್ಯಾಮಿಲಿಯೇ ಇಲ್ಲ. ಒಲಿ ಎಲ್ಲಿತ್ತ್ ಹೇಳಿ, ಹೊತ್ತಾಯ್ತ್."

ಶೆಡ್ತಿಯವರು ಅಡುಗೆಮನೆಯ ಕಡೆ ಕೈ ತೋರಿಸಿ ದಾರಿ ಬಿಟ್ಟರು. ಅವರ ಆಯುಷ್ಯದಲ್ಲಿ ಅದು ಅಪರೂಪ. ಸ್ವಲ್ಪ ಹೊತ್ತಿಗೆಲ್ಲ ಚಿಕ್ಕ ಮನೆಯ ಹಂಚಿನ ಸಂದಿಯಿಂದ ಹೊಗೆ ಎದ್ದಿತು.

ಮನೆ ಉಮಾವತಮ್ಮನಿಗೆ ಹಿಡಿಸಿತು. ಊರೂ ಹಿಡಿಸಿತು, ಯಾಕೆಂದರೆ ಜನ ನಡೆಯುತ್ತಿದ್ದರು, ನಿಲ್ಲಿಸಿದರೆ ನಿಲ್ಲುತ್ತಿದ್ದರು. ಹಿಡಿಸದೆ ಇದ್ದದ್ದು ಒಂದೇ. ಮೀನು. ಕೆರಾಡಿಯವರೆಗೆ ಬರುವ ಮೀನಿನ ಟೆಂಪೊ ಮುರಗುಡ್ಡೆಯ ರಸ್ತೆ ನೋಡಿ ಅಲ್ಲಿಂದಲೇ ತಿರುಗುತ್ತಿತ್ತು. ಯಾರೋ ಅಲ್ಲಿಂದ ಬೈಕಿನಲ್ಲಿ ತಂದ ಬೂತಾಯಿಯನ್ನು ಪ್ರೇಮಾನಂದ ಒಂದು ದಿನ ಮನೆಗೆ ಕೊಂಡು ಬಂದ. ಉಮಾವತಮ್ಮ ಅದರ ಕಿವಿರು ಎತ್ತಿ ನೋಡಿದರು. ಮೂಸಲಿಲ್ಲ, ಮೂಸುವ ಅಗತ್ಯ ಬೀಳಲಿಲ್ಲ.

"ಇದ್ ಸತ್ತದ್ದ್ ಯಾವಾಗ ಅಂತ ಇದಕ್ಕೇ ನೆನ್ಪಿಲ್ಲೆ" ಎಂದು ತೆಂಗಿನ ಬುಡಕ್ಕೆ ಹಾಕಿದರು.

ಆ ಸಂಜೆ ಜಗಲಿಯಲ್ಲಿ ಕೂತು ಲಾರಿಗಳನ್ನು ನೋಡುತ್ತಿದ್ದಾಗ ಅವರಿಗೊಂದು ಯೋಚನೆ ಬಂತು. ಕಲ್ಲು ತುಂಬಿಕೊಂಡು ಹೋಗುವ ಲಾರಿ ಬರುವಾಗ ಖಾಲಿ ಬರುತ್ತದೆ. ಗೇಟಿನ ಹೊರಗೆ ಹೋಗಿ ರಸ್ತೆಯ ಮಧ್ಯೆ ನಿಂತು ಒಂದು ಲಾರಿಗೆ ಕೈ ಅಡ್ಡ ಹಿಡಿದರು. ಡ್ರೈವರು ಅಕ್ಷಯ್ ಬ್ರೇಕು ಒತ್ತಿ, ಏನೋ ಅಪಘಾತವಾಗಿದೆ ಎಂದು ಇಳಿದು ಬಂದ.

"ಹ್ವಾಯ್, ನಾಳೆ ಕಲ್ಲ್ ಎಲ್ಲಿಗ್?"

"ಸಾಸ್ತಾನಕ್ಕೆ, ಅಮ್ಮ. ಎಂತ ಆಯ್ತ್?"

"ಎಂತ ಆಪ್ದ್? ಅಲ್ಲಿಂದ ಹಂಗಾರಕಟ್ಟಿ ಎಷ್ಟ್ ದೂರ ಇತ್ತ್! ಬೋಟ್ ಬಪ್ಪ ಧಕ್ಕಿಗೆ ಹೋಗಿ ನನ್ ಅಣ್ಣ ಚಂದಯ್ಯನ್ ಹತ್ರ ಉಮಾವತಿ ಹೇಳಿದ್ಲ್ ಅನ್ನಿ. ನಮ್ಮಿಬ್ರಿಗ್ ಆಪಷ್ಟ್ ಮೀನ್ ಕೊಡ್ತ. ನಿಮ್ಗೂ ಒಂದ್ ಪಾಲ್ ಇತ್ತ್."

ಮರುದಿನ ಕಲ್ಲಿನ ಲಾರಿಯಲ್ಲಿ ಐಸಿನ ಪೆಟ್ಟಿಗೆ ಬಂತು. ಒಳಗೆ ಬಂಗುಡೆ, ನೊಗ್ಲಿ, ಸ್ವಲ್ಪ ಸಿಗಡಿ. ಇಬ್ಬರಿಗೆ ಸಾಕಾಗುವಷ್ಟು ಎಂದು ಹೇಳಿ ಕಳುಹಿಸಿದ್ದರೂ ಚಂದಯ್ಯ ತಂಗಿಯ ಹಳೆಯ ಲೆಕ್ಕದಲ್ಲೇ ಪೆಟ್ಟಿಗೆ ತುಂಬಿಸಿದ್ದರು. ಉಮಾವತಮ್ಮನೂ ಅದು ಹೆಚ್ಚಾಯಿತು ಎಂದು ದೂರಲಿಲ್ಲ. ಮೆಟ್ಟುಕತ್ತಿ ತಂದು ಜಗಲಿಯಲ್ಲಿ ಕೂತರು. ಬಾಳೆ ಎಲೆ ಹಾಸಿ ಉಳಿದ ಮೀನು ಹರಡಿದರು. ಕೆಲಸ ಬಿಟ್ಟು ಹೋಗುತ್ತಿದ್ದ ಒಡಿಶಾದ ಹುಡುಗರು ಗೇಟಿನಲ್ಲಿ ನಿಂತರು. ಅವರು ತಮ್ಮ ಭಾಷೆಯಲ್ಲಿ ಕೇಳಿದರು. ಇವರು ಕುಂದಾಪುರದ ಕನ್ನಡದಲ್ಲಿ ಹೇಳಿದರು. ಮೀನು ಮಧ್ಯೆ ಇದ್ದುದರಿಂದ ಯಾರಿಗೂ ತೊಡಕಾಗಲಿಲ್ಲ.

ಮಾರನೆಯ ದಿನ ಎರಡು ಪೆಟ್ಟಿಗೆ ಬಂತು.

ಇದೆಲ್ಲ ಆಗುವಾಗ ಜಲಜ ಶೆಡ್ತಿಯವರು ಊರಲ್ಲಿರಲಿಲ್ಲ. ಮೊಮ್ಮಗುವಿನ ನಾಮಕರಣಕ್ಕೆ ಕುಚ್ಚಲಕ್ಕಿಯನ್ನೂ, ಅದನ್ನು ಬೇಯಿಸಲು ಬಾವಿಯ ನೀರಿನ ಕ್ಯಾನನ್ನೂ ಹಿಡಿದುಕೊಂಡು ಪುಣೆಗೆ ಹೋಗಿದ್ದರು. ಪ್ರೇಮಾನಂದ ಮಾತ್ರ ಅವರು ಬರುವ ದಿನ ಎಣಿಸತೊಡಗಿದ.

"ಅತ್ತೆ, ಅವ್ರ್ ಬಪ್ಪುಕೆ ಮುಂಚೆ ಇದನ್ನ ನಿಲ್ಸುವ" ಎಂದ.

"ನೀವ್ ಎಂತಕ್ಕ್ ಹೆದ್ರ್ತ್ರಿ? ನಾನ್ ಕಳ್ಳತನ ಮಾಡ್ತ್ನಾ?"

"ಮನಿ ಫ್ಯಾಮಿಲಿಗ್ ಅಂತ ಕೊಟ್ಟದ್ದ್."

"ಫ್ಯಾಮಿಲಿಯೇ ಮಾರುದಲ್ದಾ? ಹೊರ್ಗಿನವ್ರ್ ಯಾರಿತ್ರ್ ಇಲ್ಲ್?"

ಶೆಡ್ತಿಯವರು ಹೇಳಿದ ದಿನಕ್ಕಿಂತ ಒಂದು ದಿನ ಮೊದಲೇ ಬಂದರು. ಬಸ್ಸಿಳಿದು ಬರುವಾಗ ಅವರಿಗೆ ಮೊದಲು ಕಂಡದ್ದು ಬೆಕ್ಕು. ಕಂಪೌಂಡಿನ ಗೋಡೆಯ ಮೇಲೆ, ಈ ತುದಿಯಿಂದ ಆ ತುದಿಯವರೆಗೆ, ಕರಿಯದು, ಬಿಳಿಯದು, ಬಾಲ ಮುರಿದದ್ದು, ಗುಡ್ಡದ ಬೆಕ್ಕುಗಳೆಲ್ಲ ಮದುವೆಯ ಊಟಕ್ಕೆ ಪಂಕ್ತಿ ಕೂತಂತೆ ಕೂತಿದ್ದವು. ಗೇಟು ತೆರೆದರೆ ಅಂಗಳದಲ್ಲಿ ಜನ. ತುಳಸಿಕಟ್ಟೆಯಿಂದ ಮಾರು ದೂರದಲ್ಲಿ ಐಸು ಕರಗಿ ಹರಿಯುತ್ತಿತ್ತು. ಜಗಲಿಯಲ್ಲಿ ಉಮಾವತಮ್ಮ ಅಂಜಲ್ ಮೀನು ತುಂಡು ಮಾಡುತ್ತಿದ್ದರು. ಶೆಡ್ತಿಯವರ ಮುಖ ನೋಡಿದ ಗಿರಾಕಿಗಳು ಮೀನು ಬಿಟ್ಟು ಹೋದರು. ಬೆಕ್ಕು ಹೋಗಲಿಲ್ಲ.

"ಇದೆಂತ ಉಮಾವತಕ್ಕ? ನಾನ್ ಕೊಟ್ಟದ್ದ್ ಮನಿಯಾ, ಧಕ್ಕೆಯಾ?"

"ಮನಿಯೇ. ಒಳ್ಗ್ ಬಂದ್ ಕಾಣಿ, ಒಳ್ಗೆಲ್ಲ ಮನಿಯೇ ಇತ್ತ್. ಜಗಲಿ ಮಾತ್ರ ಸ್ವಲ್ಪ ಹೀಂಗ್ ಆಯ್ತ್."

"ಈ ಬೆಕ್ಕೆಲ್ಲ ಎಂತ?"

"ಬೆಕ್ಕ್ ನಾನ್ ತಂದದ್ದಲ್ಲ ಜಲಜಕ್ಕ. ಅವ್ ನಿಮ್ಮೂರಿನವೇ."

ಶೆಡ್ತಿಯವರು ಪ್ರೇಮಾನಂದನನ್ನು ಕೋರೆಯಿಂದ ಕರೆಸಿದರು. ಅವನು ಗ್ರೀಸು ಮೆತ್ತಿದ ಕೈಯಲ್ಲೇ ಬಂದು ನಿಂತ. ಈ ತಿಂಗಳು ಮುಗಿಯುತ್ತಲೇ ಮನೆ ಖಾಲಿ ಮಾಡಬೇಕು ಎಂದು ಅವನಿಗೆ ತೀರ್ಪು ಕೊಟ್ಟರು. ಉಮಾವತಮ್ಮ ಕೈ ತೊಳೆದು ಎದ್ದರು. ಅಂಜಲಿನ ನಡುವಿನ ನಾಲ್ಕು ತುಂಡು ಎಲೆಯಲ್ಲಿ ಸುತ್ತಿ ಶೆಡ್ತಿಯವರ ಮನೆಗೆ ಕೊಟ್ಟು ಬಂದರು. ಶೆಡ್ತಿಯವರು ಮೀನು ತೆಗೆದುಕೊಂಡರು, ತೀರ್ಪು ಬದಲಿಸಲಿಲ್ಲ. ಪುಣೆಯಲ್ಲಿ ಸೊಸೆ ಮಾಡಿದ ಪನ್ನೀರು ತಿಂದು ತಿಂದು ಅವರ ನಾಲಿಗೆ ಸತ್ತಿತ್ತು. ಆ ತುಂಡುಗಳನ್ನು ತಿಂದ ಮೇಲೆ ಸಿಟ್ಟು ಇನ್ನಷ್ಟು ಏರಿತಂತೆ. ಇಷ್ಟು ಒಳ್ಳೆಯ ಮೀನು ಊರಿಡೀ ತಿಂದದ್ದು ತಾನಿಲ್ಲದಾಗ ಎಂದು.

ಪ್ರೇಮಾನಂದ ಕಡೆಯ ಪ್ರಯತ್ನವಾಗಿ ಹೆಂಡತಿಗೆ ಫೋನು ಮಾಡಿದ. ನೀನೂ ಮಗಳೂ ಒಂದು ಭಾನುವಾರ ಬಂದು ಅಂಗಳದಲ್ಲಿ ಅತ್ತಿತ್ತ ಓಡಾಡಿದರೆ ಸಾಕು, ಸಂಸಾರಸ್ಥರ ಮನೆಯಂತೆ ಕಾಣುತ್ತದೆ ಎಂದ. ಮೀನಿನ ವಿಷಯ ಹೇಳಲಿಲ್ಲ. ಹೇಳಿದ್ದರೆ ಅವಳು ಭಾನುವಾರದವರೆಗೆ ಕಾಯುತ್ತಿರಲಿಲ್ಲ.

ವಿನಯಾ ಬಂದಳು. ಇಸ್ತ್ರಿ ಮಾಡಿದ ಕಾಟನ್ ಸೀರೆ, ಕೈಯಲ್ಲಿ ಶೆಡ್ತಿಯವರಿಗೆಂದು ಒಂದು ಕಟ್ಟು ಮಟ್ಟುಗುಳ್ಳ ಬದನೆ. ಅನ್ವಿತಾ ಹಿಂದೆ. ಗೇಟು ದಾಟಿದವಳು ಜಗಲಿಯ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎಂದಿನಂತೆ ಮೀನು ಕೊಯ್ಯುತ್ತ ಕೂತ ತಾಯಿಯನ್ನು ಕಂಡಳು. ಮಟ್ಟುಗುಳ್ಳ ಕೈಯಲ್ಲೇ ಉಳಿಯಿತು.

"ಅಮ್ಮ! ನಿಂಗೆ ಮನಿಯಗ್ ಉಂಬುಕ್ ಇಲ್ಲ್ಯಾ? ಇಲ್ಲ್ ಬಂದ್ ಮೀನ್ ಮಾರೂದಾ? ಕಂಡವ್ರ್ ನಂಗೆ ಎಂತ ಹೇಳ್ತ್ರ್?"

ಜಲಜ ಶೆಡ್ತಿಯವರು ಗದ್ದಲ ಕೇಳಿ ಹೊರಗೆ ಬಂದವರು, ಈ ಮಾತಿಗೆ ಜೋರಾಗಿ ತಲೆಯಾಡಿಸಿದರು. "ಹೇಳ್, ಹೇಳ್ ಮಗಾ. ನಾನ್ ಹೇಳಿ ಹೇಳಿ ಸೋತೆ."

ಬೆಂಬಲ ಸಿಕ್ಕಿದ ವಿನಯಾಳ ದನಿ ಏರಿತು. "ಮಂಡಿ ನೋವ್ ಅಂತ ನಾನ್ ಡಾಕ್ಟ್ರ್ ಹತ್ರ ತಿರ್ಗ್ಸೂದ್, ನೀನ್ ಇಲ್ಲ್ ಮೆಟ್ಟುಕತ್ತಿ ಮೇಲೆ ಕೂಕಂಬುದ್! ಇಷ್ಟ್ ಪ್ರಾಯ ಆಯ್ತ್, ಚೂರೂ ಬುದ್ಧಿ ಇಲ್ಲೆ."

ಶೆಡ್ತಿಯವರ ತಲೆಯಾಡುವುದು ನಿಂತಿತು.

"ಎಂತ ಹೇಳ್ದೆ ನೀನ್?"

"ಬುದ್ಧಿ ಇಲ್ಲೆ ಅಂದೆ."

"ಹೆತ್ತವ್ಳಿಗಾ? ಊರಿನವ್ರ್ ಎದ್ರಿಗಾ? ಕಾಣ್, ನಾನ್ ಬೈದದ್ದ್ ಜಗಲಿ ವಿಷ್ಯಕ್ಕ್. ಬುದ್ಧಿ ವಿಷ್ಯ ನಾನ್ ಎತ್ತಲಿಲ್ಲೆ. ಈ ಊರಗೆ ಬಾಯಿಗ್ ಹಾಕುವಂಥ ಮೀನ್ ತಂದದ್ದ್ ಇವ್ಳೊಬ್ಳೇ."

"ನೀವೇ ಅಲ್ದಾ ಖಾಲಿ ಮಾಡಿ ಅಂದದ್ದ್?"

"ಅಂದೆ. ನನ್ ಮನಿ, ನಾನ್ ಹೇಳ್ತೆ. ನಿಂದ್ ಎಂತ?"

ಬೈಯುವ ಹಕ್ಕು ತನ್ನೊಬ್ಬಳದೇ ಎಂದು ಅವರು ಯಾವಾಗ ತೀರ್ಮಾನಿಸಿದ್ದರೋ ಯಾರಿಗೂ ಗೊತ್ತಿಲ್ಲ. ಪ್ರೇಮಾನಂದ ಇಬ್ಬರ ನಡುವೆ ನಿಂತು ಇಬ್ಬರಿಗೂ "ಆಯ್ತ್, ಆಯ್ತ್" ಎನ್ನುತ್ತಿದ್ದ. ಅನ್ವಿತಾ ಗೋಡೆಯ ಬೆಕ್ಕುಗಳ ಫೋಟೋ ತೆಗೆಯುತ್ತಿದ್ದಳು.

ಉಮಾವತಮ್ಮ ಕತ್ತಿಯಿಂದ ಏಳಲಿಲ್ಲ. ಕೈಯಲ್ಲಿದ್ದ ಬಂಗುಡೆಯ ತಲೆ ತೆಗೆದು, ಹೊಟ್ಟೆ ಸ್ವಚ್ಛ ಮಾಡಿ, ನೀರಿಗೆ ಹಾಕಿ, ಆಮೇಲೆ ಮಗಳ ಮುಖ ನೋಡಿದರು.

"ನಿನ್ ಮನಿಯಗೆ ನಂಗೆ ಎಂತದೂ ಕಮ್ಮಿ ಇಲ್ಲೆ ಮಗಾ. ಹೊತ್ತಿಗ್ ಸಮಾ ಊಟ, ಫ್ಯಾನ್, ಟಿ.ವಿ. ಎಲ್ಲ ಇತ್ತ್. ಆದ್ರೆ ಕೂಕಂಡೇ ಇದ್ರೆ ಹಗಲ್ ಭಾರೀ ದೊಡ್ಡದಾತ್ತ್. ಮುಗೂದೇ ಇಲ್ಲೆ. ಇಲ್ಲ್ ಬಂದ್ ಮೇಲೆ ಮಧ್ಯಾಹ್ನ ಆದದ್ದೇ ಗೊತ್ತಾತಿಲ್ಲೆ."

ಅಷ್ಟರಲ್ಲಿ ಗೇಟಿನ ಹೊರಗೆ ನಿಂತಿದ್ದ ಗಿರಾಕಿಯೊಬ್ಬ, ಜಗಳ ಮುಗಿಯಿತೆಂದು ತಿಳಿದು, "ಅಮ್ಮ, ನಂಗೆ ಆ ನೊಗ್ಲಿ" ಎಂದ. ಉಮಾವತಮ್ಮನ ಕೈಯಲ್ಲಿ ಬೇರೆ ಮೀನಿತ್ತು. ವಿನಯಾ ಮಟ್ಟುಗುಳ್ಳದ ಕಟ್ಟನ್ನು ಗಂಡನ ಕೈಗೆ ಕೊಟ್ಟು, ಸೀರೆ ಎತ್ತಿ ಕಟ್ಟಿ, ಹುಟ್ಟಿದಂದಿನಿಂದ ಕಂಡ ಕೆಲಸವಾದ್ದರಿಂದ ಯೋಚಿಸದೆ ನೊಗ್ಲಿ ಎತ್ತಿ ಎಲೆಗೆ ಸುತ್ತಿದಳು. ಆಮೇಲೆ ಇನ್ನೊಬ್ಬ ಬಂದ. ಮಧ್ಯಾಹ್ನವಾದದ್ದು ಅವಳಿಗೂ ಗೊತ್ತಾಗಲಿಲ್ಲ.

ಆ ದಿನದ ರಾಜಿ ಹೀಗಾಯಿತು. ಜಗಲಿಯಲ್ಲಿ ಮೀನು ಕೂಡದು. ಅದರಲ್ಲಿ ಶೆಡ್ತಿಯವರು ಒಂದಿಂಚೂ ಬಿಡಲಿಲ್ಲ. ಆದರೆ ರಸ್ತೆಯ ಬದಿಯಲ್ಲಿ ಅವರ ಹಳೆಯ ದನದ ಹಟ್ಟಿ ಖಾಲಿ ಬಿದ್ದಿತ್ತು, ದನ ಕೊಟ್ಟು ವರ್ಷಗಳಾಗಿತ್ತು. ಪ್ರೇಮಾನಂದ ರಜೆಯ ದಿನ ಅದಕ್ಕೆ ಕಡಪ ಕಲ್ಲಿನ ಕಟ್ಟೆ ಹಾಕಿಸಿ, ನೀರು ಹೋಗಲು ಪೈಪು ಕೂರಿಸಿದ. ಉಮಾವತಮ್ಮ ಅಲ್ಲಿ ಕೂತರು. ಬಾಗಿಲಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಶೆಡ್ತಿಯವರೂ ಕೂತರು, ಸುಮ್ಮನೆ ನೋಡಿಕೊಳ್ಳಲು ಎಂದು. ಮೂರನೆಯ ದಿನದಿಂದ ಯಾರಿಗೆ ಯಾವ ಮೀನು ಕೊಡಬೇಕು ಎಂಬುದನ್ನು ಅವರೇ ಹೇಳತೊಡಗಿದರು. "ನಿಂಗೆ ಸಿಗಡಿ ಬ್ಯಾಡ, ಹೋದ್ ಸಲ ತಿಂದ್ ಮೈಯೆಲ್ಲ ತುರ್ಸ್ಕಂಡದ್ದ್ ನೆನ್ಪಿಲ್ಯಾ?" ಎಂದು ಲಾರಿ ಡ್ರೈವರಿಗೆ ಗದರಿಸುವರು. ಪುಣೆಗೆ ಬೆಳಗಿನ ಫೋನು ಈಗ ಹಟ್ಟಿಯಿಂದಲೇ ಹೋಗುತ್ತಿತ್ತು.

ಜೂನಿನಲ್ಲಿ ಮಳೆ ಹಿಡಿಯಿತು. ಕೋರೆಯ ಹೊಂಡದಲ್ಲಿ ನೀರು ನಿಂತು ಮೆಷಿನ್ನು ಮೇಲೆ ಬಂತು, ಕೆಲಸ ಬಂದ್. ಕೆಳಗೆ ಕರಾವಳಿಯಲ್ಲಿ ಬೋಟುಗಳನ್ನೂ ಧಕ್ಕೆಗೆ ಕಟ್ಟಿದರು. ಪ್ರೇಮಾನಂದ ಬಟ್ಟೆ ಕಟ್ಟಿ ಅತ್ತೆಯನ್ನು ಕರೆದ. ಅತ್ತೆ ಬರಲಿಲ್ಲ. ಮಳೆಗಾಲವೆಂದರೆ ಒಣ ಮೀನಿನ ಕಾಲ, ಈಗ ಬಿಟ್ಟು ಬಂದರೆ ಜನ ಎಂತ ತಿಂಬುದು ಎಂದು ಕೇಳಿದರು. ಅವನು ಒಬ್ಬನೇ ಊರಿಗೆ ಹೋದ. "ಅಮ್ಮ ಎಲ್ಲಿ?" ಎಂದು ವಿನಯಾ ಕೇಳಿದ್ದಕ್ಕೆ, "ರಜೆ ಸಿಗ್ಲಿಲ್ಲೆ ಅಂಬ್ರ್" ಎಂದು ಕಾಲು ತೊಳೆಯಲು ಹೋದ.

ದೀಪಾವಳಿಗೆ ಉಮಾವತಮ್ಮ ಹಂಗಾರಕಟ್ಟೆಗೆ ಬಂದರು. ಜೊತೆಗೆ ಜಲಜ ಶೆಡ್ತಿಯವರೂ ಬಂದರು. ಹಬ್ಬದಲ್ಲಿ ಹೋಟೆಲಿಗೆ ಜನ ಜಾಸ್ತಿಯೆಂದು ಪುಣೆಯವರಿಗೆ ಊರಿಗೆ ಬರಲಾಗಿರಲಿಲ್ಲ. ಶೆಡ್ತಿಯವರು ಹೊಳೆ ಸಮುದ್ರಕ್ಕೆ ಸೇರುವುದನ್ನು ಹತ್ತಿರದಿಂದ ಕಂಡವರಲ್ಲ, ದೋಣಿ ಹತ್ತಿದವರಲ್ಲ. ಮಧ್ಯಾಹ್ನ ಊಟವಾದ ಮೇಲೆ ಚಂದಯ್ಯ ತಮ್ಮ ಸಣ್ಣ ದೋಣಿಯನ್ನು ದಡಕ್ಕೆ ತಂದರು. ಉಮಾವತಮ್ಮ ಅಂಗಳಕ್ಕಿಳಿದಷ್ಟು ಸಲೀಸಾಗಿ ಇಳಿದು ಕೂತರು. ಶೆಡ್ತಿಯವರು ಒಂದು ಕಾಲು ದೋಣಿಯಲ್ಲಿ, ಒಂದು ಕಾಲು ದಡದಲ್ಲಿ ಇಟ್ಟು ನಿಂತರು.

"ಎರ್ಡ್ ಕಾಲೂ ಇಡಿ ಜಲಜಕ್ಕ!"

"ಇದ್ ಅಲ್ಗಾಡತ್ತ್ ಮಾರಾಯ್ತಿ!"

"ಅಲ್ಗಾಡದೆ ಎಂತ ಮಾಡತ್ತ್, ಅದ್ ದೋಣಿ!"

ದೋಣಿ ಒಂದು ಮೊಳ ಸರಿಯಿತು. ಶೆಡ್ತಿಯವರು ಕಿರುಚಿ ಚಂದಯ್ಯನ ಭುಜದ ಮೇಲೆ ಬಿದ್ದರು. ಬಿದ್ದ ರಭಸಕ್ಕೆ ಒಂದು ಚಪ್ಪಲಿ ನೀರಿಗೆ ಹೋಯಿತು. ಪುಣೆಯಿಂದ ಮಗ ಕಳುಹಿಸಿದ ಹೊಸ ಚಪ್ಪಲಿ. ಪ್ರೇಮಾನಂದ ಪ್ಯಾಂಟು ಮಡಚಿ ಸೊಂಟದವರೆಗೆ ಇಳಿದ. ಅದು ಇಳಿತದ ಹೊತ್ತು, ನೀರು ಸಮುದ್ರದ ಕಡೆ ಎಳೆಯುತ್ತಿತ್ತು. ಚಪ್ಪಲಿ ಅವನ ಕೈಗೆ ಸಿಕ್ಕೀತು ಎನ್ನುವಾಗೆಲ್ಲ ಒಂದು ಗೇಣು ಮುಂದೆ ಹೋಗಿ, ಕಡೆಗೆ ಅಳಿವೆಯ ಕಡೆ ತಿರುಗಿ ಸಮುದ್ರಕ್ಕೆ ಹೋಯಿತು. ಉಮಾವತಮ್ಮ ನಕ್ಕು ನಕ್ಕು ದೋಣಿಯ ಅಡ್ಡಹಲಗೆ ಹಿಡಿದು ಬಗ್ಗಿದರು. ಶೆಡ್ತಿಯವರು ಮೊದಲು ಸಿಟ್ಟಾದರು, ಆಮೇಲೆ ಉಳಿದ ಒಂದು ಚಪ್ಪಲಿಯನ್ನೂ ತೆಗೆದು, ಇದನ್ನಿಟ್ಟುಕೊಂಡು ಎಂತ ಮಾಡುವುದು ಎಂದು ಅದರ ಹಿಂದೆಯೇ ಎಸೆದರು.

ತಿರುಗಿ ಮನೆಗೆ ನಡೆಯುವಾಗ ಅವರು ಹಾಕಿಕೊಂಡದ್ದು ಪ್ರೇಮಾನಂದನ ರಬ್ಬರು ಚಪ್ಪಲಿ. ಅದು ಅವರ ಪಾದಕ್ಕಿಂತ ಒಂದು ಮುಷ್ಟಿ ಉದ್ದ, ಹೆಜ್ಜೆಗೊಮ್ಮೆ ಪಟ್ ಎಂದು ಹೊಡೆಯುತ್ತಿತ್ತು. ಪ್ರೇಮಾನಂದ ಒದ್ದೆ ಪ್ಯಾಂಟಿನಲ್ಲಿ, ಬರಿಗಾಲಲ್ಲಿ, ಮಳಿಚಿಪ್ಪು ಚುಚ್ಚುವ ದಾರಿಯಲ್ಲಿ ನೋಡಿ ನೋಡಿ ಹೆಜ್ಜೆ ಇಡುತ್ತ ಹಿಂದೆ ಬಂದ. ಮುಂದಿದ್ದ ಇಬ್ಬರೂ ಹಿಂದೆ ತಿರುಗಲಿಲ್ಲ. ನಾಡಿದ್ದಿನ ಲಾರಿಗೆ ಬೊಳೆಂಜೀರ್ ತರಿಸುವುದೋ ಬಂಗುಡೆ ಸಾಕೋ ಎಂದು ಚರ್ಚೆ ನಡೆದಿತ್ತು.